ತರಗೆಲೆಯ ಒಡೆತನ

(ಸಂಘದ ಉಪನ್ಯಾಸ ಮಾಲೆಯಲ್ಲಿ ದೆಹಲಿಯಲ್ಲಿ ನೀಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಕಾವ್ಯವನ್ನು ಕುರಿತು, ರಂಗಭೂಮಿಯನ್ನು ಕುರಿತು, ನೆಲ-ಜಲ-ಭಾಷೆಯ ಪ್ರಶ್ನೆಗಳನ್ನು ಕುರಿತು ಬಲ್ಲವರು ಮಾತಾಡಿದ್ದನ್ನು ನಾನು ಹಿಂದಿನ ಸಾಲುಗಳಲ್ಲಿ ಕುಳಿತು ಕೇಳಿದ್ದೇನೆ. ಇಂದು ಕೊಳೆತ ಸೊಪ್ಪು, ಒಣಗಿದ ಎಲೆ ಮತ್ತು ಗೊಬ್ಬರದ ಗುಂಡಿಯ ಬಗ್ಗೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು ‘ಸಾಮುದಾಯಿಕ ಕೈತೋಟ ಮತ್ತು ಸುಸ್ಥಿರ ಬದುಕು’ ಎಂದು ಮುದ್ರಿಸಿದ್ದಾರೆ. ಅದರ ಪೂರ್ವಾರ್ಧವನ್ನು ಸಂತೋಷದಿಂದ ಒಪ್ಪುತ್ತೇನೆ. ಉತ್ತರಾರ್ಧದ ಬಗ್ಗೆ ನನ್ನದೊಂದು ತಕರಾರಿದೆ. ‘ಸುಸ್ಥಿರ’ ಎಂಬ ಪದ 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಯ ನಂತರ, ವಿಶೇಷವಾಗಿ 1992ರ ರಿಯೋ ಸಮ್ಮೇಳನದ ನಂತರ, ಸರಕಾರಿ ಕಡತಗಳನ್ನು ಪ್ರವೇಶಿಸಿತು. ನಾನು ಸೇವೆಗೆ ಸೇರಿದಂದಿನಿಂದ ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡುವುದನ್ನು ನೋಡುತ್ತ ಬಂದಿದ್ದೇನೆ. ಕಡತದಲ್ಲಿ ಅದು ಎಷ್ಟು ಹುಲುಸಾಗಿ ಬೆಳೆಯುತ್ತದೆಯೆಂದರೆ ನೆಲಕ್ಕೆ ಇಳಿಯುವ ಅಗತ್ಯವೇ ಅದಕ್ಕೆ ಬೀಳುವುದಿಲ್ಲ. ಆದ್ದರಿಂದ ಆ ದೊಡ್ಡ ಪದವನ್ನು ಸದ್ಯ ಪಕ್ಕಕ್ಕಿಟ್ಟು ತೀರ ಸಣ್ಣ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತೇನೆ. ಮರದಿಂದ ಉದುರಿ ಬಿದ್ದ ಎಲೆ ಯಾರದು?

ನಮ್ಮ ಕಡೆಯ ಕಾಡುಗಳಲ್ಲಿ ಎಲೆಯುದುರುವುದು ಚಳಿಗಾಲಕ್ಕೆ ಸೇರಿದ ಮಾತು. ದೆಹಲಿಯಲ್ಲಿ ಅದು ಬಹುಮಟ್ಟಿಗೆ ವಸಂತದ ಕೆಲಸ. ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವ ಘೋಷಣೆ 1911ರಲ್ಲಿ ಆದ ಮೇಲೆ ಹೊಸ ದೆಹಲಿಯನ್ನು ಯೋಜಿಸಿದವರು ರಸ್ತೆಗಳ ಇಕ್ಕೆಲಗಳಲ್ಲಿ ಬೇವು, ನೇರಳೆ, ಹೊಳೆಮತ್ತಿ, ಹುಣಿಸೆಗಳನ್ನು ಸಾಲಾಗಿ ನೆಡಿಸಿದರು. ಪ್ರದೀಪ್ ಕೃಷನ್ 2006ರಲ್ಲಿ ಪ್ರಕಟಿಸಿದ ದೆಹಲಿಯ ಮರಗಳ ಕೈಪಿಡಿಯನ್ನು ಹಿಡಿದುಕೊಂಡು ಒಂದು ಭಾನುವಾರ ನಡೆದರೆ ಈ ನಗರ ಬೇರೆಯೇ ಆಗಿ ಕಾಣುತ್ತದೆ. ಸ್ವಾತಂತ್ರ್ಯದ ನಂತರ ಕಟ್ಟಿದ ಸರಕಾರಿ ನೌಕರರ ವಸತಿ ಕಾಲೊನಿಗಳಿಗೂ ಈ ಮರಗಳು, ಅದರಲ್ಲೂ ಬೇವು, ಬಂದವು. ಹೋಳಿಯ ಆಸುಪಾಸಿನಲ್ಲಿ ಅರಳಿ ಮತ್ತು ಬೇವು ಎಲೆಗಳನ್ನು ಚೆಲ್ಲಿ, ಕೆಲವೇ ವಾರಗಳಲ್ಲಿ ಹೊಸ ಚಿಗುರನ್ನು ಹೊದ್ದುಕೊಳ್ಳುತ್ತವೆ. ಅಷ್ಟು ಅಲ್ಪಾವಧಿಯಲ್ಲಿ ಅಷ್ಟೊಂದು ಎಲೆ ನೆಲಕ್ಕೆ ಬೀಳುವುದರಿಂದ ನಗರದ ಕಸದ ವ್ಯವಸ್ಥೆಗೆ ಅದೊಂದು ವಿಪತ್ತು. ಮಣ್ಣಿಗೆ ಅದೇ ವರ್ಷದ ಕೂಳು.

ಈ ಕೂಳನ್ನು ನಾವು ಏನು ಮಾಡುತ್ತಿದ್ದೆವು? ಗುಡಿಸಿ, ಮೂಲೆಯಲ್ಲಿ ರಾಶಿ ಹಾಕಿ, ಬೆಂಕಿ ಕೊಡುತ್ತಿದ್ದೆವು. ದೆಹಲಿಯ ಹಳಬರಿಗೆ ಆ ಹೊಗೆಯ ವಾಸನೆ ಮಾರ್ಚ್ ತಿಂಗಳಿನ ವಾಸನೆಯೇ ಆಗಿತ್ತು. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಎಲೆ ಮತ್ತು ಕಸವನ್ನು ಸುಡುವುದಕ್ಕೆ 5000 ರೂಪಾಯಿ ದಂಡ ವಿಧಿಸಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಆಯಾ ಆವರಣದಲ್ಲೇ ಪ್ರತ್ಯೇಕವಾಗಿ ಇರಿಸಬೇಕೆಂದೂ, ದೊಡ್ಡ ವಸತಿ ಸಮುಚ್ಚಯಗಳು ಕೊಳೆಯುವ ಕಸವನ್ನು ಸಾಧ್ಯವಾದಷ್ಟೂ ಒಳಗೇ ಸಂಸ್ಕರಿಸಬೇಕೆಂದೂ ಹೇಳಿದವು. ಈ ನಿಯಮಗಳ ವಂಶವೃಕ್ಷದಲ್ಲಿ ಬೆಂಗಳೂರಿನ ನಂಟೊಂದಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ ನೆಲೆಸಿದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯಿಂದಲೇ 2000ದ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. 2016ರವು ಅವುಗಳ ಉತ್ತರಾಧಿಕಾರಿಗಳು.

ನಿಯಮದಿಂದ ಬೆಂಕಿಯೇನೋ ಬಹುಮಟ್ಟಿಗೆ ನಮ್ಮ ಕಣ್ಣೆದುರಿನಿಂದ ಮರೆಯಾಯಿತು. ಆದರೆ ಎಲೆ? ಅದು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸೇರಿ, ಅಡಿಗೆಮನೆಯ ಸಿಪ್ಪೆ, ಔಷಧದ ಖಾಲಿ ಪಟ್ಟಿ, ಹಾಲಿನ ಪೊಟ್ಟಣಗಳೊಂದಿಗೆ ಲಾರಿ ಏರಿತು. ಪೂರ್ವ ದೆಹಲಿಯ ಗಾಜಿಪುರದ ಕಸದ ಗುಡ್ಡವನ್ನು ತಾವು ನೋಡಿರುತ್ತೀರಿ. 1984ರಲ್ಲಿ ಆರಂಭವಾದ ಅದು 2002ರ ಹೊತ್ತಿಗೇ ತುಂಬಿತ್ತು. ಆಮೇಲೂ ತುಂಬುತ್ತಲೇ ಹೋಯಿತು. 2017ರ ಸೆಪ್ಟೆಂಬರ್ 1ರಂದು ಅದರ ಒಂದು ಪಾರ್ಶ್ವ ಕುಸಿದು ಇಬ್ಬರು ಸತ್ತರು. 2019ರ ವೇಳೆಗೆ ಪತ್ರಿಕೆಗಳು ಅದರ ಎತ್ತರವನ್ನು ಕುತುಬ್ ಮಿನಾರಿನೊಂದಿಗೆ ಹೋಲಿಸತೊಡಗಿದ್ದವು. 2024ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು, ಸುತ್ತಲಿನ ಜನ ಹೊಗೆಯಲ್ಲಿ ಮುಳುಗಿದರು. ದಕ್ಷಿಣ ದೆಹಲಿಯ ಬೆಂಕಿ ಪೂರ್ವ ದೆಹಲಿಗೆ ವರ್ಗವಾಯಿತು ಎಂದಷ್ಟೇ ಇದರ ಅರ್ಥ. ಬೆಂಗಳೂರಿನವರು ಇದನ್ನು ಕೇಳಿ ನಗುವ ಹಾಗಿಲ್ಲ. ಮಾವಳ್ಳಿಪುರದ, ಮಂಡೂರಿನ ಹಳ್ಳಿಗರು ನಗರದ ಕಸವನ್ನು ತಡೆಯಲು ರಸ್ತೆಗಿಳಿಯಬೇಕಾಯಿತು; ಮಂಡೂರಿಗೆ ಲಾರಿಗಳು ಹೋಗುವುದು ನಿಂತದ್ದು 2014ರ ಕೊನೆಗೆ. ತನ್ನ ಕಸವನ್ನು ತನ್ನ ಅಂಗಳದಲ್ಲಿ ಇಟ್ಟುಕೊಳ್ಳಲಾರದವನು ಅದನ್ನು ತನಗಿಂತ ದುರ್ಬಲನ ಅಂಗಳದಲ್ಲಿ ಇಡುತ್ತಾನೆ. ನಮ್ಮ ಕಾಲೊನಿಯ ತೋಟ ಈ ತಿಳಿವಳಿಕೆಯಿಂದ ಹುಟ್ಟಿತೇ ಹೊರತು, ತಾಜಾ ತರಕಾರಿಯ ಆಸೆಯಿಂದಲ್ಲ.

ಕಾಲೊನಿಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಅದರ ಮೇಲೊಂದು ಟಿಪ್ಪಣಿ ಬರೆದಾರು. ನಾಲ್ಕು ಅಂತಸ್ತಿನ ಹಳೆಯ ಮನೆಗಳ ಎರಡು ಸಾಲು, ನಡುವೆ ಒಂದು ಉದ್ದನೆಯ ಖಾಲಿ ಪಟ್ಟೆ, ಅದರ ಅಂಚಿನಲ್ಲಿ ಬೇವು, ನೇರಳೆ. ಎಂಟು ವರ್ಷಗಳ ಹಿಂದೆ ಅಲ್ಲಿ ನಾವು ಮೊದಲು ತೋಡಿದ್ದು ಪಾತಿಗಳನ್ನಲ್ಲ, ಗುಂಡಿಗಳನ್ನು. ಯಾವ ಪದ್ಧತಿಯಲ್ಲಿ ಗೊಬ್ಬರ ಮಾಡುವುದು ಎಂಬ ಚರ್ಚೆ ಬಂದಾಗ ನಾನು ಸ್ವಲ್ಪ ಊರಿನ ಅಭಿಮಾನದಿಂದಲೇ ‘ಬೆಂಗಳೂರು ಪದ್ಧತಿ’ಯ ಪರವಾಗಿ ಮಾತಾಡಿದೆ. ಭಾರತದಲ್ಲಿ ಗೊಬ್ಬರದ ಶಾಸ್ತ್ರಕ್ಕೆ ಎರಡು ಪ್ರಸಿದ್ಧ ಪರಂಪರೆಗಳಿವೆ. ಒಂದು ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ರೂಪಿಸಿದ್ದು. ಇದರಲ್ಲಿ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸಬೇಕು. ಮೂರು-ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಇನ್ನೊಂದು ಡಾ. ಸಿ.ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ್ದು. ಸುಮಾರು ಒಂದು ಮೀಟರ್ ಆಳದ ಕಂದಕದಲ್ಲಿ ಕಸವನ್ನೂ ಮಲವನ್ನೂ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ ಬಿಟ್ಟುಬಿಡುವುದು. ಮಗುಚುವ ಗೋಜಿಲ್ಲ, ಆರರಿಂದ ಎಂಟು ತಿಂಗಳು ಕಾಯಬೇಕು. ಪಟ್ಟಣಗಳ ಮಲ ಮತ್ತು ಕಸ ಎರಡನ್ನೂ ರೋಗ ಹರಡದಂತೆ ಹೊಲಕ್ಕೆ ಮರಳಿಸುವ ದಾರಿ ಅದು. ಬೆಂಗಳೂರಿನ ಹೆಸರು ಗಣಕಯಂತ್ರಕ್ಕೆ ಅಂಟಿಕೊಳ್ಳುವುದಕ್ಕೆ ಬಹಳ ಮುಂಚೆಯೇ ಜಗತ್ತಿನ ಕೃಷಿ ಕೈಪಿಡಿಗಳಲ್ಲಿ ಗೊಬ್ಬರದ ಗುಂಡಿಗೆ ಅಂಟಿಕೊಂಡಿತ್ತು ಎಂಬುದನ್ನು ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು?

ನಮ್ಮ ಗುಂಡಿಗಳಿಗೆ ಮಲ ಬೀಳುವ ಪ್ರಶ್ನೆಯಿರಲಿಲ್ಲ. ಎಲೆ ಮತ್ತು ಅಡಿಗೆಮನೆಯ ಸಿಪ್ಪೆ ಅಷ್ಟೇ. ಬೆಂಗಳೂರು ಪದ್ಧತಿಗೆ ಸಭೆಯಲ್ಲಿ ಕೂಡಲೇ ಬಹುಮತ ಬಂದಿತು. ಆದರೆ ಅದು ಬಂದ ಕಾರಣ ನಾನು ಹೇಳಿದ ಕಾರಣವಲ್ಲ. ಒಮ್ಮೆ ತುಂಬಿ ಮುಚ್ಚಿದರೆ ಮತ್ತೆ ಮುಟ್ಟಬೇಕಾಗಿಲ್ಲ ಎಂಬುದೇ ಅದರ ಪರಮ ಗುಣವೆಂದು ಬಹಳ ಮಂದಿಗೆ ಕಂಡಿತ್ತು. ಮಗುಚುವುದೆಂದರೆ ಕೈಹಾಕುವುದು. ಅರ್ಧ ಕೊಳೆತ ಪದಾರ್ಥಕ್ಕೆ ಯಾರು ಕೈಹಾಕಬೇಕು ಎಂಬ ಪ್ರಶ್ನೆಗೆ ಈ ದೇಶದಲ್ಲಿ ಉತ್ತರ ಬಹಳ ಹಿಂದೆಯೇ ಸಿದ್ಧವಾಗಿಬಿಟ್ಟಿದೆ. ಸ್ನಾತಕೋತ್ತರ ಪದವಿಗಳೂ ಸ್ಪರ್ಧಾ ಪರೀಕ್ಷೆಗಳೂ ಆ ಉತ್ತರವನ್ನು ಅಲುಗಿಸಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1993ರಲ್ಲಿ ಬಂತು, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ ಬಂತು. ಆಚಾರ್ಯರ ವಿಜ್ಞಾನವನ್ನು ನಾನು ಗೌರವಿಸುತ್ತೇನೆ; ಆದರೆ ಆ ಕಂದಕದ ದಡದವರೆಗೆ ಮಲದ ಬುಟ್ಟಿಯನ್ನು ಹೊತ್ತು ತಂದವರ ಬಗ್ಗೆ ಕೈಪಿಡಿಗಳು ಮೌನವಾಗಿವೆ.

ದೆಹಲಿಯ ಚಳಿಗಾಲ ಈ ಚರ್ಚೆಯನ್ನು ತಾನಾಗಿಯೇ ಮುಂದಕ್ಕೆ ತಂದಿತು. ಡಿಸೆಂಬರ್-ಜನವರಿಗಳಲ್ಲಿ ಮುಚ್ಚಿದ ಗುಂಡಿಯೊಳಗೆ ಕೊಳೆಯುವ ಕ್ರಿಯೆ ಬಹಳ ಮಂದವಾಗುತ್ತದೆ. ಎಲೆ ಬೀಳುವ ಕಾಲಕ್ಕೆ ಗುಂಡಿಗಳು ಖಾಲಿಯಾಗಿರಬೇಕು, ಆಗಿರಲಿಲ್ಲ. ಮಗುಚಿದರೆ ಮಾತ್ರ ರಾಶಿ ಬಿಸಿಯೇರುತ್ತದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಎರಡೂ ಕೂಡಿ ಇಂಗಾಲ ಮೂವತ್ತು ಪಾಲು, ಸಾರಜನಕ ಒಂದು ಪಾಲು ಎಂಬ ಪ್ರಮಾಣದ ಹತ್ತಿರ ಬಂದು, ಗಾಳಿ ಮತ್ತು ತೇವ ಹದವಾಗಿದ್ದರೆ, ಜನವರಿಯ ಬೆಳಗ್ಗೆಯೂ ರಾಶಿಯ ನಡುವಿನಿಂದ ಹಬೆಯೇಳುತ್ತದೆ. ಹೀಗೆ ನಾವು ಬೆಂಗಳೂರಿನಿಂದ ಇಂದೋರಿಗೆ ಬಂದೆವು. ಬಂದೊಡನೆ ಹಲವರು ಕಾಲೊನಿಯ ಸಫಾಯಿ ಕರ್ಮಚಾರಿಗೆ ತಿಂಗಳಿಗಿಷ್ಟೆಂದು ಕೊಟ್ಟು ಮಗುಚಿಸೋಣವೆಂದು ಸೂಚಿಸಿದರು. ಹಣ ಕೊಡಲು ಎಲ್ಲರೂ ಸಿದ್ಧ. ಎರಡು ಭಾನುವಾರಗಳ ಜಗಳದ ನಂತರ ಒಂದೇ ಒಂದು ನಿಯಮ ಉಳಿಯಿತು. ಗುಂಡಿಗೆ ಕೈಹಾಕದವರಿಗೆ ಪಾತಿಯಲ್ಲಿ ಪಾಲಿಲ್ಲ; ಹಣ ಕೊಟ್ಟು ಈ ಸರದಿಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕೆಲವು ಮನೆಗಳು ಹೊರಗುಳಿದವು. ಉಳಿದ ಮನೆಗಳ ನಡುವೆಯೂ ಕಹಿ ಉಳಿಯಿತು. ನನ್ನ ಹುದ್ದೆಗಿಂತ ಮೇಲಿನ ಹುದ್ದೆಯವರೊಬ್ಬರು ಇಂದಿಗೂ ನನಗೆ ನಮಸ್ಕಾರ ಹೇಳುವುದಿಲ್ಲ. ಅದರಿಂದ ನನಗೆ ನಷ್ಟವೇನೂ ಆಗಿಲ್ಲ.

ಇನ್ನೊಂದು ಜಗಳ ಇದಕ್ಕಿಂತ ಆಳವಾದದ್ದು. ನಮ್ಮ ನಿವಾಸಿಗಳ ಸಂಘದ ಸದಸ್ಯತ್ವ ಮನೆಯ ಹಂಚಿಕೆಪತ್ರ ಯಾರ ಹೆಸರಿನಲ್ಲಿದೆಯೋ ಅವರಿಗೆ, ಅಂದರೆ ಬಹುಮಟ್ಟಿಗೆ ಗಂಡಸರಿಗೆ. ಆದರೆ ತೋಟದಲ್ಲಿ ದುಡಿಯುತ್ತಿದ್ದವರು ಮನೆಯ ಹೆಂಗಸರು, ನಿವೃತ್ತ ತಂದೆ-ತಾಯಿಗಳು, ಮತ್ತು ಕಾಲೊನಿಯ ಹಿಂಬದಿಯ ಸೇವಕರ ಕೋಣೆಗಳಲ್ಲಿ ವಾಸಿಸುವ ಕುಟುಂಬಗಳು. ಬುಂದೇಲಖಂಡದಿಂದ ಬರಗಾಲಕ್ಕೆ ಊರು ಬಿಟ್ಟು ಬಂದ ಹೆಂಗಸೊಬ್ಬರು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಯಾವ ಮಣ್ಣಿಗೆ ಎಷ್ಟು ನೀರು, ಮೆಂತ್ಯವನ್ನು ಯಾವಾಗ ಚಿವುಟಬೇಕು, ಮೂಲಂಗಿಗೆ ಎಷ್ಟು ಮಣ್ಣು ಏರಿಸಬೇಕು ಎಂಬುದನ್ನು ಇಡೀ ಕಾಲೊನಿಯಲ್ಲಿ ನಿಜವಾಗಿ ಬಲ್ಲವರು ಅವರೊಬ್ಬರೇ. ನಮ್ಮಲ್ಲಿ ಕೃಷಿ ಸಚಿವಾಲಯದ ಅಧಿಕಾರಿಯೂ ಒಬ್ಬರಿದ್ದರು ಎಂಬುದನ್ನು ವಿನೋದಕ್ಕಾಗಿ ಹೇಳುತ್ತಿದ್ದೇನೆ. ಸೊಪ್ಪು ಹಂಚುವಾಗ ಈ ಹೆಂಗಸಿಗೆ ಪಾಲು ಉಂಟೇ? ಕೊಡುವುದಕ್ಕೆ ಯಾರ ಅಭ್ಯಂತರವೂ ಇರಲಿಲ್ಲ. ‘ಕೊಡೋಣ, ಪಾಪ’ ಎಂದರು. ಪಾಲಿಗೂ ‘ಪಾಪ’ಕ್ಕೂ ನಡುವಿನ ಅಂತರವೇ ನಾನು ಇಲ್ಲಿ ಹೇಳಬೇಕೆಂದಿರುವ ಮಾತು. ಕೊನೆಗೆ ಹಾಜರಿ ಪುಸ್ತಕದಲ್ಲಿ ಮನೆಯ ಸಂಖ್ಯೆಯ ಕಂಬಸಾಲನ್ನು ಹೊಡೆದುಹಾಕಿ, ಕೆಲಸ ಮಾಡಿದವರ ಹೆಸರನ್ನಷ್ಟೇ ಬರೆಯುವ ಪದ್ಧತಿ ಬಂತು. ಇದಕ್ಕೆ ಒಂದೂವರೆ ವರ್ಷ ಹಿಡಿಯಿತು. ಸರಕಾರದಲ್ಲಿ ಒಂದು ನಮೂನೆಯ ಕಂಬಸಾಲನ್ನು ತೆಗೆಯಲು ಇದಕ್ಕಿಂತ ಹೆಚ್ಚು ಕಾಲ ಹಿಡಿದದ್ದನ್ನು ಕಂಡಿದ್ದೇನೆ.

ನಾನು ಹುಟ್ಟಿದ್ದು ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆಯ ಸೀಮೆಯಲ್ಲಿ. ತರಗೆಲೆಗೆ ನಮ್ಮಲ್ಲಿ ‘ದರಕು’ ಎನ್ನುತ್ತಾರೆ. ಹಸಿ ಸೊಪ್ಪನ್ನು ಕಡಿದು, ದರಕನ್ನು ಗುಡಿಸಿ ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಸಗಣಿ-ಗಂಜಲ ಕೂಡಿದ ಆ ಹಾಸನ್ನು ಗೊಬ್ಬರದ ಗುಂಡಿಗೆ ಹಾಕಿ, ತೋಟಕ್ಕೆ ಹೊರುವುದು ಅಲ್ಲಿನ ಕೃಷಿಯ ಉಸಿರು. ಈ ಸೊಪ್ಪು ಬರುವುದು ‘ಸೊಪ್ಪಿನ ಬೆಟ್ಟ’ದಿಂದ. ಅರಣ್ಯ ಸರಕಾರದ್ದು; ಅದರ ಸೊಪ್ಪಿನ ಮೇಲಿನ ಹಕ್ಕು ತೋಟದವನದು. ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದ ಸರಕಾರ ಈ ಸವಲತ್ತನ್ನು ಮಾನ್ಯ ಮಾಡುತ್ತ ಬಂದಿದೆ. ದಕ್ಷಿಣ ಕನ್ನಡದ ಕುಮ್ಕಿಯೂ ಇಂಥದೇ. ವರ್ಗ ಜಮೀನಿನ ಅಂಚಿನಿಂದ ನೂರು ಗಜದ ಒಳಗಿನ ಸರಕಾರಿ ನೆಲದ ಸೊಪ್ಪು-ಸೌದೆ ವರ್ಗದಾರನಿಗೆ. ನಮ್ಮ ಪರಿಸರ ಲೇಖಕರು ಇವನ್ನು ಸಮುದಾಯದ ವಿವೇಕವೆಂದು ಕೊಂಡಾಡುವುದುಂಟು. ವಿವೇಕವಿತ್ತು, ನಿಜ. ಬೆಟ್ಟವನ್ನು ಬೋಳಿಸಿದರೆ ತೋಟ ಸಾಯುತ್ತದೆಂಬ ಅರಿವು ಯಾವ ಅರಣ್ಯ ರಕ್ಷಕನಿಗಿಂತ ಚೆನ್ನಾಗಿ ಬೆಟ್ಟವನ್ನು ಕಾದ ಉದಾಹರಣೆಗಳಿವೆ. ಆದರೆ ತೋಟವಿಲ್ಲದವನಿಗೆ ಬೆಟ್ಟವೂ ಇರಲಿಲ್ಲ. ತೋಟದವನ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತ ಆಳಿಗೆ ಆ ಸೊಪ್ಪಿನಲ್ಲಿ ಕೂಲಿಯಿತ್ತು, ಹಕ್ಕಿರಲಿಲ್ಲ. ದೆಹಲಿಯ ನಮ್ಮ ಕಾಲೊನಿಯಲ್ಲಿ ಹಂಚಿಕೆಪತ್ರವಿದ್ದವನಿಗೆ ಮಾತ್ರ ಪಾಲು ಎಂದು ವಾದಿಸಿದವರು ನನ್ನ ಊರಿನ ನ್ಯಾಯವನ್ನೇ ಹಿಂದಿಯಲ್ಲಿ ಹೇಳುತ್ತಿದ್ದರು. ಸಾಮುದಾಯಿಕ ಎಂಬ ಪದವನ್ನು ಬಳಸುವ ಮುನ್ನ ಸಮುದಾಯದ ಗಡಿಯನ್ನು ಯಾರು ಎಳೆದರು ಎಂದು ಕೇಳುವುದು ಮೇಲು.

ಇನ್ನು ಬೆಳೆಯ ವಿಷಯ. ಇಲ್ಲಿ ನಿಮಗೆ ಸ್ವಲ್ಪ ಸಂತೋಷವಾಗುವ ಸಂಗತಿಗಳಿವೆ. ಅಕ್ಟೋಬರಿನಲ್ಲಿ ಬಿತ್ತಿದ ಮೆಂತ್ಯ, ಪಾಲಕ, ಮೂಲಂಗಿ, ಕ್ಯಾರೆಟ್ ಇವು ದೆಹಲಿಯವರ ಬೆಳೆಗಳು. ಅವುಗಳ ಬಗ್ಗೆ ಹೇಳುವುದು ಏನೂ ಇಲ್ಲ. ಮಳೆಗಾಲದ ಪಾತಿ ಮಾತ್ರ ಒಂದು ಭಾಷಾ ಸಮ್ಮೇಳನ. ನಾನು ಊರಿನಿಂದ ತಂದ ಬಸಳೆಯ ಕಡ್ಡಿ ಜುಲೈ ತಿಂಗಳಲ್ಲಿ ಚಪ್ಪರಕ್ಕೇರಿದಾಗ ಎದುರು ಮನೆಯ ಬಂಗಾಳಿ ಮಹಿಳೆ ಓಡಿಬಂದು ‘ಪುಯಿ ಶಾಕ್’ ಎಂದರು. ಮೇಲಿನ ಮನೆಯ ಮಲಯಾಳಿಗಳು ‘ವಳ್ಳಿಚ್ಚೀರ’ ಎಂದರು. ಹರಿವೆ ಇಲ್ಲಿ ಚೌಲಾಯಿ, ನುಗ್ಗೆ ಸಹಜನ್. ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಕೆಸು. ದೆಹಲಿಯ ಮಾರುಕಟ್ಟೆಗೆ ಅರ್ಬಿಯ ಗೆಡ್ಡೆ ಬರುತ್ತದೆ, ಎಲೆ ಅಪರೂಪ. ನಮ್ಮ ಪಾತಿಯ ಕೆಸುವಿನ ಎಲೆಯನ್ನು ಕೊಯ್ದು ನನ್ನ ಹೆಂಡತಿ ಪತ್ರೊಡೆ ಮಾಡಿದಾಗ, ಹಿಮಾಚಲದ ನೆರೆಯವರು ತಿಂದು ನೋಡಿ, ತಮ್ಮ ಊರಿನಲ್ಲೂ ಇದಿದೆ, ಹೆಸರು ‘ಪತ್ರೋಡೆ’ ಎಂದರು. ಹಿಟ್ಟು ಬೇರೆ, ಮಸಾಲೆ ಬೇರೆ. ಎಲೆಗೆ ಹಿಟ್ಟು ಬಳಿದು ಸುರುಳಿ ಸುತ್ತುವ ಕೈ ಒಂದೇ. ಕರಾವಳಿಯ ಹೆಸರು ಹಿಮಾಲಯದ ಮಡಿಲಿಗೆ ಹೇಗೆ ಬಂತು, ಅಥವಾ ಅಲ್ಲಿಂದ ಇಲ್ಲಿಗೆ ಬಂತೇ ಎಂಬುದನ್ನು ಭಾಷಾವಿಜ್ಞಾನಿಗಳಿಗೆ ಬಿಡುತ್ತೇನೆ. ಹೊರನಾಡ ಕನ್ನಡಿಗರು ತಮ್ಮ ಅನನ್ಯತೆಯನ್ನು ಕುರಿತು ಬಹಳ ಮಾತಾಡುತ್ತೇವೆ. ಅಡಿಗೆಮನೆಯ ಹಿತ್ತಿಲಲ್ಲಿ ಆ ಅನನ್ಯತೆ ಎಷ್ಟು ಬೇಗ ನೆಂಟಸ್ತನವಾಗುತ್ತದೆಂಬುದು ಪರೀಕ್ಷಿಸಿ ನೋಡಬೇಕಾದ ಮಾತು.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಮನೆಮನೆಯ ಶುದ್ಧೀಕರಣ ಯಂತ್ರಗಳು ಹೊರಚೆಲ್ಲುವ ನೀರನ್ನು ಗಿಡಗಳಿಗೆ ಹಾಕಿ ಎಂದು ಎಲ್ಲರೂ ಉಪದೇಶಿಸುತ್ತಾರೆ. ಆ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ. ಅದನ್ನೇ ಸದಾ ಹಾಕಿದರೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ನಾವು ಅದನ್ನು ನೆಲ ಒರೆಸುವುದಕ್ಕೆ ಬಳಸಿ, ಪಾತಿಗೆ ಸಾದಾ ನೀರಿನೊಂದಿಗೆ ಬೆರೆಸಿ ಮಾತ್ರ ಹಾಕುತ್ತೇವೆ. ಪಾತಿಯ ಮೇಲೆ ಎಲೆಯ ಹೊದಿಕೆಯಿದ್ದರೆ ಮೇ ತಿಂಗಳ ಬಿಸಿಲಿನಲ್ಲೂ ನೀರು ಎಷ್ಟು ಉಳಿಯುತ್ತದೆಂಬುದನ್ನು ಬೆರಳು ಅದ್ದಿಯೇ ತಿಳಿಯಬೇಕು.

ಇಷ್ಟೆಲ್ಲ ಆದರೂ ಈ ತೋಟ ನಮ್ಮನ್ನು ಸಾಕುತ್ತದೆಯೇ? ಇಲ್ಲ. ಒಳ್ಳೆಯ ಚಳಿಗಾಲದಲ್ಲಿ ಹಾಜರಿ ಪುಸ್ತಕದಲ್ಲಿರುವವರಿಗೆ ವಾರಕ್ಕೊಮ್ಮೆ ಒಂದು ಹೊತ್ತಿನ ಸೊಪ್ಪು ಸಿಕ್ಕೀತು. ನಗರವಾಸಿಗಳು ತಮ್ಮ ಆಹಾರವನ್ನು ತಾವೇ ಬೆಳೆದುಕೊಳ್ಳಬೇಕೆಂಬ ಉತ್ಸಾಹದ ಮಾತುಗಳನ್ನು ಕೇಳಿದಾಗ ನನಗೆ ಯಮುನೆಯ ಬಯಲಿನ ರೈತರು ನೆನಪಾಗುತ್ತಾರೆ. ತಲೆಮಾರುಗಳಿಂದ ಆ ಬಯಲಿನಲ್ಲಿ ತರಕಾರಿ ಬೆಳೆದು ಈ ನಗರವನ್ನು ಉಣಿಸಿದವರು ಅವರು. ನದಿಯನ್ನು ಕೆಡಿಸಿದ್ದು ನಗರ ಮತ್ತು ಕಾರ್ಖಾನೆ. 2015ರ ಜನವರಿಯಲ್ಲಿ ಹಸಿರು ನ್ಯಾಯಮಂಡಳಿ, ನದಿ ಶುದ್ಧವಾಗುವವರೆಗೆ ಅಲ್ಲಿ ತಿನ್ನುವ ಬೆಳೆ ಬೆಳೆಯಬಾರದೆಂದು ಆದೇಶಿಸಿತು. ಉಣ್ಣುವವನ ಆರೋಗ್ಯದ ದೃಷ್ಟಿಯಿಂದ ಅದರಲ್ಲಿ ಅರ್ಥವಿದೆ. ಬೆಳೆಯುವವನ ಹೊಟ್ಟೆಗೆ ಅದರಲ್ಲಿ ಏನಿತ್ತು? ಬಡವನ ಹೊಲ ಅತಿಕ್ರಮಣವೆನಿಸಿಕೊಂಡು, ನಮ್ಮಂಥವರ ಕುಂಡದ ಟೊಮೇಟೊ ಪರಿಸರಪ್ರಜ್ಞೆಯೆನಿಸಿಕೊಳ್ಳುವ ವಿಪರ್ಯಾಸವನ್ನು ಮರೆತು ನಾನು ಈ ವೇದಿಕೆಯಿಂದ ತೋಟಗಾರಿಕೆಯ ಗುಣಗಾನ ಮಾಡಲಾರೆ. ನಮ್ಮ ತೋಟ ಬೆಳೆಯುವುದು ಮುಖ್ಯವಾಗಿ ಮಣ್ಣನ್ನು. ಸೊಪ್ಪು ಅದರ ಉಪಉತ್ಪನ್ನ.

ಸಂಸ್ಥೆಗಳು ಮನಸ್ಸು ಮಾಡಿದರೆ ಇದಕ್ಕಿಂತ ಹೆಚ್ಚಿನದನ್ನು ಸಾಧಿಸಬಹುದೆಂಬುದಕ್ಕೆ ಮುಂಬಯಿಯ ಮಿತ್ರರಿಗೆ ಗೊತ್ತಿರುವ ಒಂದು ನಿದರ್ಶನವಿದೆ. ಅಂದಿನ ಮುಂಬಯಿ ಪೋರ್ಟ್ ಟ್ರಸ್ಟ್‌ನ ಅಡಿಗೆಮನೆಯ ಹೊಣೆ ಹೊತ್ತಿದ್ದ ಪ್ರೀತಿ ಪಾಟೀಲ್ ಅವರು 2002ರಲ್ಲಿ ಅದರ ಮಾಳಿಗೆಯ ಮೇಲೆ, ನೌಕರರ ಊಟದ ಅಡಿಗೆಯಿಂದ ಬಂದ ಕಸವನ್ನೇ ಮಣ್ಣಾಗಿಸಿ, ತೋಟ ಮಾಡತೊಡಗಿದರು. ಕಸ ಹುಟ್ಟಿದಲ್ಲೇ ತೋಟವೂ ಹುಟ್ಟಿತು ಎಂಬುದು ಅದರ ವಿಶೇಷ.

ಈಗ ನನಗೆ ಸ್ವಲ್ಪ ಇರುಸುಮುರುಸಿನ ವಿಷಯಕ್ಕೆ ಬರುತ್ತೇನೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964, ಇವುಗಳ ಒಂಬತ್ತನೆಯ ನಿಯಮ ಸರಕಾರವನ್ನು ಟೀಕಿಸದಂತೆ ನನ್ನನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಟೀಕೆ ಮಾಡುವುದಿಲ್ಲ, ಸಂಗತಿಗಳನ್ನಷ್ಟೇ ಹೇಳುತ್ತೇನೆ. 2016ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟವು ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮೊದಲಾದ ಏಳು ಸರಕಾರಿ ಕಾಲೊನಿಗಳ ಪುನರ್‌ನಿರ್ಮಾಣಕ್ಕೆ ಒಪ್ಪಿಗೆ ಕೊಟ್ಟಿತು. ಹಳೆಯ ಮನೆಗಳ ಜಾಗದಲ್ಲಿ ಸುಮಾರು ಎರಡರಷ್ಟು ಹೊಸ ಮನೆಗಳು ಬರಬೇಕಾಗಿದ್ದವು. ಮನೆಗಾಗಿ ವರ್ಷಗಟ್ಟಲೆ ಕಾಯುವ ಕಿರಿಯ ನೌಕರರ ಕಷ್ಟವನ್ನು ಬಲ್ಲ ನಾನು ಈ ಅಗತ್ಯವನ್ನು ಅಲ್ಲಗಳೆಯಲಾರೆ. 2018ರ ಜೂನ್‌ನಲ್ಲಿ, ಹದಿನಾರು ಸಾವಿರಕ್ಕೂ ಮಿಕ್ಕಿದ ಮರಗಳು ಉರುಳಲಿವೆಯೆಂದು ಪತ್ರಿಕೆಗಳು ಬರೆದಾಗ, ಸರೋಜಿನಿ ನಗರದಲ್ಲಿ ಜನ ಮರಗಳನ್ನು ತಬ್ಬಿ ನಿಂತರು; ದೆಹಲಿ ಉಚ್ಚ ನ್ಯಾಯಾಲಯ ಕಡಿತಕ್ಕೆ ತಡೆ ಹಾಕಿತು. ಸರೋಜಿನಿ ನಗರದ ಆ ಹಳೆಯ ಮನೆಗಳಲ್ಲಿ ಸಂಸಾರ ಮಾಡಿದ ಕನ್ನಡಿಗರು ಈ ಸಭೆಯಲ್ಲೇ ಇದ್ದಾರೆ.

ನಮ್ಮ ಕಾಲೊನಿಯೂ ಮುಂದಿನ ಒಂದು ಹಂತದಲ್ಲಿದೆಯೆಂದು ಎರಡು ವರ್ಷಗಳಿಂದ ಕೇಳಿಬರುತ್ತಿದೆ. ಕಳೆದ ಚಳಿಗಾಲದಲ್ಲಿ ಕೆಲವರು ಬಂದು ಮರಗಳ ಸುತ್ತಳತೆ ತೆಗೆದು, ಕಾಂಡಗಳ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದು ಹೋದರು. ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡಬೇಕೆಂಬ ಲೆಕ್ಕವಿದೆ. ಬಹುಪಾಲು ಮರಗಳನ್ನು ಬೇರುಸಹಿತ ಸ್ಥಳಾಂತರಿಸಬೇಕೆಂಬ ನೀತಿಯನ್ನು ದೆಹಲಿ ಸರಕಾರ 2020ರಲ್ಲಿ ತಂದಿತು. ಹೀಗೆ ಮರಕ್ಕೊಂದು ಸಂಖ್ಯೆಯಿದೆ, ಮನೆಗೊಂದು ಸಂಖ್ಯೆಯಿದೆ, ಮನೆಯ ಹಂಚಿಕೆದಾರನಿಗೊಂದು ಸಂಖ್ಯೆಯಿದೆ. ಎಂಟು ವರ್ಷಗಳ ಎಲೆಯಿಂದ ಆದ ಮಣ್ಣಿಗೆ ಯಾವ ಸಂಖ್ಯೆಯೂ ಇಲ್ಲ. ನಾವು ಮೊದಲು ಗುಂಡಿ ತೋಡಿದಾಗ ಅಲ್ಲಿ ಇಟ್ಟಿಗೆಯ ಚೂರು, ಸುಣ್ಣದ ಗಾರೆ, ಬಿಳಿಚಿಕೊಂಡ ಮರಳುಮಣ್ಣು ಇತ್ತು. ಎರೆಹುಳು ಹುಡುಕಿದರೂ ಸಿಕ್ಕಿರಲಿಲ್ಲ. ಇಂದು ಮೊಣಕೈಯವರೆಗೆ ಕೈ ಇಳಿಯುತ್ತದೆ. ಇಂಥ ಯೋಜನೆಗಳ ನಕ್ಷೆಗಳಲ್ಲಿ ‘ಹಸಿರು ಪ್ರದೇಶ’ವೆಂದು ಬಣ್ಣ ಬಳಿದ ಭಾಗದ ಅಡಿಯಲ್ಲಿ ಬಹಳ ಸಲ ವಾಹನಗಳ ನೆಲಮಾಳಿಗೆಯಿರುತ್ತದೆ. ಕಾಂಕ್ರೀಟಿನ ಚಾವಣಿಯ ಮೇಲೆ ಹುಲ್ಲುಹಾಸು ಬೆಳೆಯುತ್ತದೆ, ಬೇವು ಬೆಳೆಯುವುದಿಲ್ಲ. ಬೇವು ಇಲ್ಲದಿದ್ದರೆ ಎಲೆಯೂ ಇಲ್ಲ.

ನೀವು ಕೇಳಬಹುದು: ನೀವೆಲ್ಲ ವರ್ಗಾವಣೆಯ ಜನ, ಇಂದು ಇಲ್ಲಿ ನಾಳೆ ಗುವಾಹಟಿಯಲ್ಲಿ, ನಿವೃತ್ತಿಯಾದ ಮೇಲೆ ಮನೆ ಬಿಡಲೇಬೇಕು, ನಿಮ್ಮದಲ್ಲದ ನೆಲಕ್ಕೆ ಇಷ್ಟೇಕೆ ಹಚ್ಚಿಕೊಳ್ಳುತ್ತೀರಿ? ಈ ಪ್ರಶ್ನೆಯನ್ನು ಮೇಲಿನ ಕಚೇರಿಯೊಂದರಲ್ಲಿ ನನಗೆ ನೇರವಾಗಿ ಕೇಳಿದರು. ಇನ್ನೊಂದು ಕಚೇರಿಯಲ್ಲಿ, ಆ ಪಟ್ಟೆಯಲ್ಲಿ ಅಲಂಕಾರಿಕ ಸಸ್ಯಗಳಿಗೆ ಮಾತ್ರ ಅವಕಾಶ, ತರಕಾರಿ ನಿಷಿದ್ಧ ಎಂಬ ಪತ್ರವನ್ನು ತೋರಿಸಿದರು. ಗುಲಾಬಿ ಸಾರ್ವಜನಿಕ, ಬದನೆ ಖಾಸಗಿ ಎಂಬ ಈ ತತ್ವದ ಮೂಲ ವಸಾಹತು ಕಾಲದ ಬಂಗಲೆಯ ಹುಲ್ಲುಹಾಸಿನಲ್ಲಿದೆಯೆಂದು ನನ್ನ ಊಹೆ. ನಾವು ಬದನೆಯ ಸುತ್ತ ಚೆಂಡುಹೂವು ನೆಟ್ಟು ಆ ಪತ್ರಕ್ಕೆ ಮರ್ಯಾದೆ ತೋರಿಸಿದೆವು. ಕೀಟಗಳ ದೃಷ್ಟಿಯಿಂದಲೂ ಅದು ಒಳ್ಳೆಯದೇ ಆಯಿತು. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಎಂಟು ವರ್ಷಗಳಲ್ಲಿ ಹಾಜರಿ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಹೆಸರುಗಳು ಬದಲಾಗಿವೆ, ಪಾತಿಗಳು ಬದಲಾಗಿಲ್ಲ. ಬಿತ್ತಿದವರು ಒಬ್ಬರು, ಕೊಯ್ದವರು ಮತ್ತೊಬ್ಬರು. ಸ್ವಂತ ನಿವೇಶನಗಳ ಬಡಾವಣೆಗಳಲ್ಲಿ ಇಂಥದೊಂದು ತೋಟ ನಡೆಯುವುದು ಹೆಚ್ಚು ಕಷ್ಟವೆಂದು ನನಗೆ ಅನಿಸುತ್ತದೆ. ಅಲ್ಲಿ ಎಲ್ಲರಿಗೂ ಕಾಯಲು ತಮ್ಮ ತಮ್ಮ ಗೋಡೆಗಳಿವೆ.

ನಾವು ಸಂಬಂಧಪಟ್ಟವರಿಗೆ ಒಂದು ಮನವಿ ಕೊಟ್ಟಿದ್ದೇವೆ. ಮರಗಳನ್ನು ಎಣಿಸಿದಂತೆ ಮೇಲ್ಮಣ್ಣನ್ನೂ ಎಣಿಸಿ, ಕಟ್ಟಡದ ಕೆಲಸ ಮುಗಿಯುವವರೆಗೆ ಒಂದೆಡೆ ಕಾದಿರಿಸಬೇಕು. ಎಷ್ಟೇ ಸಣ್ಣದಾಗಲಿ, ನೆಲಮಾಳಿಗೆಯಿಲ್ಲದ ಒಂದು ಪಟ್ಟೆಯನ್ನು ನಿಜವಾದ ನೆಲವಾಗಿಯೇ ಉಳಿಸಬೇಕು. ಆ ಪಟ್ಟೆಯ ಮೇಲಿನ ಹಕ್ಕು ಹಂಚಿಕೆಪತ್ರದಿಂದಲ್ಲ, ಹಾಜರಿ ಪುಸ್ತಕದಿಂದ ನಿರ್ಧಾರವಾಗಬೇಕು. ಈ ಮೂರನೆಯ ಸಾಲನ್ನು ತೆಗೆದರೆ ಮೊದಲೆರಡಕ್ಕೆ ಒಪ್ಪಿಗೆ ಸುಲಭವೆಂದು ಹಿತೈಷಿಗಳು ಸಲಹೆ ಕೊಟ್ಟರು. ಸಹಿ ಹಾಕಲು ಬಂದ ಬುಂದೇಲಖಂಡದ ಆ ಹೆಂಗಸು ಒಂದೇ ಪ್ರಶ್ನೆ ಕೇಳಿದರು: ಹೊಸ ನಕ್ಷೆಯಲ್ಲಿ ಹಿಂಬದಿಯ ಕೋಣೆಗಳು ಎಲ್ಲಿವೆ? ನಾವು ನೋಡಿದ ನಕ್ಷೆಯಲ್ಲಿ ಅವು ಕಾಣಲಿಲ್ಲ. ಮೂರನೆಯ ಸಾಲು ಉಳಿಯಿತು. ಮನವಿಗೆ ಸ್ವೀಕೃತಿಯ ಸಂಖ್ಯೆ ಬಂದಿದೆ, ಉತ್ತರ ಬಂದಿಲ್ಲ. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷಗಳಿವೆ, ಉತ್ತರಕ್ಕೆ ಎಷ್ಟು ಹಿಡಿದೀತೆಂದು ನನ್ನ ಅನುಭವದಿಂದ ಊಹಿಸಬಲ್ಲೆ.

ಅದಕ್ಕಾಗಿ ನಾವು ಸುಮ್ಮನೆ ಕುಳಿತಿಲ್ಲ. ಈ ವಸಂತದಿಂದ ಸಿದ್ಧ ಮಣ್ಣನ್ನು ಚೀಲಗಳಲ್ಲಿ ತುಂಬಿ, ಗುಂಡಿ ತೋಡಲು ಒಪ್ಪಿದ ಬೇರೆ ಕಾಲೊನಿಗಳಿಗೆ ಕೊಡುತ್ತಿದ್ದೇವೆ. ಹೊಸ ಗುಂಡಿಗೆ ಅದು ಹೆಪ್ಪಿನಂತೆ ಕೆಲಸ ಮಾಡುತ್ತದೆ. ಈಗಾಗಲೇ ಎರಡು ಕಡೆ ಕೆಲಸ ಆರಂಭವಾಗಿದೆ. ಕೊಡುವಾಗ ಹಾಜರಿ ಪುಸ್ತಕದ ಒಂದು ನಮೂನೆಯನ್ನೂ ಜೊತೆಗೆ ಕೊಡುತ್ತೇವೆ, ಮನೆಯ ಸಂಖ್ಯೆಯ ಕಂಬಸಾಲು ಇಲ್ಲದ್ದು. ಕೆಸುವಿನ ಗೆಡ್ಡೆ, ಬಸಳೆಯ ಕಡ್ಡಿ ಬೇಕಾದವರು ಸಭೆಯ ನಂತರ ಬಾಗಿಲ ಬಳಿ ಹೆಸರು ಬರೆಸಿರಿ. ಜೂನ್ ಕೊನೆಯ ಮಳೆಗೆ ನೆಡಬೇಕು. ಮುಂದಿನ ಎಲೆಯುದುರು ಹೋಳಿಯ ಹೊತ್ತಿಗೆ. ಆಗ ಬರುವವರು ಗೋಣಿಚೀಲ ತನ್ನಿ, ಪ್ಲಾಸ್ಟಿಕ್ ಬೇಡ.